ಬಿಳಿ ಬೊಟ್ಟು

ಜನವರಿ 9

ಗ್ಯಾರೇಜಿನ ಮೇಸ್ತ್ರಿಯವರಿಗೆ,

ಇದು ಮಗಳ ಪತ್ರ ಅಲ್ಲ, ಗಿರಾಕಿಯ ಪತ್ರ. ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಅಮ್ಮನ ಮುಂದೆ ಕೂತು "ನೋಡು, ಕೊನೆಗೂ ದಾರಿಗೆ ಬಂದ್ಲು" ಅಂತ ಮೀಸೆ ತಿರುವುವುದು ಬೇಡ. ನಾನು ದಾರಿಗೆ ಬಂದಿಲ್ಲ. ನೀವು ಕೊಟ್ಟ ಮೋಟಾರ್ ಸೈಕಲ್ಲು ದಾರಿಯಲ್ಲಿ ನಿಲ್ಲುವ ಹಾಗಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಫೋನ್ ಮಾಡಿದರೆ ಎರಡನೇ ಮಾತಿಗೆ ಜಗಳ ಶುರುವಾಗುತ್ತದೆ. ಅಲ್ಲದೆ ನಿಮ್ಮ ನಿಯಮ ನಾನು ಮರೆತಿಲ್ಲ: ಗಿರಾಕಿ ತನ್ನ ದೂರನ್ನು ತನ್ನ ಕೈಯಿಂದಲೇ ಚೀಟಿಯಲ್ಲಿ ಬರೆದುಕೊಡುವ ತನಕ ನೀವು ಗಾಡಿ ಮುಟ್ಟುವುದಿಲ್ಲ. ಹನ್ನೊಂದು ವರ್ಷ ಆ ಚೀಟಿಗಳನ್ನು ತಂತಿಗೆ ಪೋಣಿಸಿದವಳು ನಾನು. ನಾಲ್ಕು ಪ್ರಶ್ನೆ, ನಾಲ್ಕು ಉತ್ತರ. ತಗೊಳ್ಳಿ.

ಏನು ತೊಂದರೆ? ಎಂಜಿನ್ ಅದುರುತ್ತದೆ. ಹಳೇ ಗಾಡಿ, ಒಂಟಿ ಸಿಲಿಂಡರು, ಒಂದಿಷ್ಟು ಅದುರುವುದು ಅದರ ಹುಟ್ಟುಗುಣ ಅಂತ ನನಗೂ ಗೊತ್ತು. ಇದು ಅದಲ್ಲ. ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತದೆ. ಇಳಿದ ಮೇಲೆ ಅರ್ಧ ಗಂಟೆ ಬೆರಳು ಜುಮ್ಮೆನ್ನುತ್ತವೆ.

ಯಾವಾಗಿನಿಂದ? ನಾನು ಮನೆ ಬಿಟ್ಟದ್ದು ಆಗಸ್ಟಿನಲ್ಲಿ. ಅಕ್ಟೋಬರಿನಲ್ಲಿ ಶುರುವಾಯಿತು. ತಿಂಗಳಿಂದ ತಿಂಗಳಿಗೆ ಜಾಸ್ತಿ.

ಯಾವಾಗ ಹೆಚ್ಚು? ವೇಗ ಐವತ್ತು ದಾಟಿದ ಮೇಲೆ.

ಮೊದಲು ಯಾರು ಕೈ ಹಾಕಿದ್ದಾರೆ? ನೀವು. ನೀವೊಬ್ಬರೇ. ನಾನು ಹೊರಡುವ ಹಿಂದಿನ ದಿನಗಳಲ್ಲಿ ನೀವೇ ಎಂಜಿನ್ ಇಳಿಸಿ, ತೊಳೆದು, ಮತ್ತೆ ಕೂರಿಸಿ, ಬೋಲ್ಟುಗಳ ತಲೆಗೆ ಬಿಳಿ ಬಣ್ಣದ ಬೊಟ್ಟು ಇಟ್ಟು ಕೊಟ್ಟಿರಿ. ಬೊಟ್ಟು ಅಂದರೆ ಮೇಸ್ತ್ರಿಯ ಕೈಯಿಂದ ಕೊನೆಯ ಬಿಗಿತ ಆಗಿದೆ, ಇನ್ನು ಯಾರೂ ಅಲ್ಲಿ ಪಾನಾ ಇಡಕೂಡದು. ನಾನು ಇಟ್ಟಿಲ್ಲ.

ಇಲ್ಲಿ ನನ್ನ ಕೆಲಸ ಏನು ಅಂತ ಅಮ್ಮ ನಿಮಗೆ ಹೇಳಿದ್ದಾಳೋ ಇಲ್ಲವೋ. ಆರು ಕ್ಲಿನಿಕ್ಕುಗಳಿಂದ ರಕ್ತದ ಮಾದರಿ ತಗೊಂಡು ಲ್ಯಾಬಿಗೆ ತಲುಪಿಸುತ್ತೇನೆ. ದಿನಕ್ಕೆ ತೊಂಬತ್ತು ಕಿಲೋಮೀಟರು, ಸೀಟಿನ ಹಿಂದೆ ಐಸ್ ಪೆಟ್ಟಿಗೆ. ಟ್ಯೂಬಿನಲ್ಲಿ ರಕ್ತ ಕೆಳಗಿಳಿದು ಮೇಲೆ ತಿಳಿಹಳದಿ ನೀರು ನಿಲ್ಲಬೇಕು. ನನ್ನ ಪೆಟ್ಟಿಗೆಯ ಟ್ಯೂಬುಗಳಲ್ಲಿ ಆ ನೀರೂ ಕೆಂಪಾಗಿ ಬರುತ್ತಿದೆ. ಅಷ್ಟು ಕುಲುಕಿದರೆ ರಕ್ತ ಒಡೆದುಹೋಗುತ್ತದಂತೆ, ಪರೀಕ್ಷೆಗೆ ಬಾರದಂತೆ. ಕಳೆದ ವಾರ ಒಬ್ಬ ಅಜ್ಜಿಗೆ ನನ್ನಿಂದಾಗಿ ಎರಡನೇ ಸಲ ಸೂಜಿ ಚುಚ್ಚಿದರು, ನರ ಸಿಗದೆ ಮೂರು ಕಡೆ. ಲ್ಯಾಬಿನ ಮೇಲ್ವಿಚಾರಕಿ ಕರೆದು ಹೇಳಿದ್ದಾರೆ: "ಫೆಬ್ರವರಿ ಮುಗಿಯೋದ್ರೊಳಗೆ ಗಾಡಿ ಸರಿ ಮಾಡ್ಕೋ, ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ." ಇನ್ನೊಂದು ಗಾಡಿ ಕೊಳ್ಳುವ ಶಕ್ತಿ ನನಗಿಲ್ಲ. ಇಲ್ಲಿಯ ಮೆಕ್ಯಾನಿಕ್ಕುಗಳು "ಹಳೇ ಗಾಡಿ ಅಲ್ವಾ ಮೇಡಂ" ಅಂತ ನಕ್ಕು ಕಳಿಸುತ್ತಾರೆ.

ಇಂತಿ,
ನಿಮ್ಮ ಗಿರಾಕಿ


ಜನವರಿ 17

ಹಾರ್ನ್,

ಹುಟ್ಟಿದ ದಿನ ಆಸ್ಪತ್ರೆಯ ಮೂರು ಮಹಡಿಗೂ ಕೇಳಿಸುವ ಹಾಗೆ ಅತ್ತು ಈ ಹೆಸರು ಸಂಪಾದಿಸಿಕೊಂಡವಳು ನೀನು. ಇವತ್ತಿಗೂ ಅದೇ ಸದ್ದು. ಗಿರಾಕಿಯಂತೆ! ನೀವು ಅಂತೆ! ಇಪ್ಪತ್ತೊಂಬತ್ತು ವರ್ಷ ನನ್ನನ್ನು ನೀನು ಅಂದ ಬಾಯಿಗೆ ಒಂದೇ ಸಲ ಇಷ್ಟೊಂದು ಮರ್ಯಾದೆ ಎಲ್ಲಿಂದ ಉಕ್ಕಿತು?

ಸರಿ, ಗಿರಾಕಿಯೇ ಆಗು. ಗಿರಾಕಿಗೆ ಕೊಡುವ ಉತ್ತರವನ್ನೇ ಕೊಡುತ್ತೇನೆ. ಅದುರುವುದು ಕಾಯಿಲೆಯಲ್ಲ, ಕಾಯಿಲೆಯ ಗುರುತು. ಕಾರಣ ಹುಡುಕದೆ ಕೈಗೆ ಸಿಕ್ಕ ಭಾಗ ಬದಲಾಯಿಸುವವನು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವನು. ಮೊದಲು ತಿಳಿಯಬೇಕಾದದ್ದು ಒಂದೇ: ಈ ಅದುರು ಎಂಜಿನ್ ಜೊತೆ ಏರಿಳಿಯುತ್ತದೋ, ಚಕ್ರದ ಜೊತೆಯೋ?

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ನಿಧಾನವಾಗಿ ಆಕ್ಸಿಲರೇಟರ್ ಕೊಡು. ನಿಂತಲ್ಲೇ ಅದುರಿದರೆ ಟೈರು, ಚೈನುಗಳನ್ನು ಬೈಯಬೇಡ, ಪಾಪ, ಅವುಗಳ ತಪ್ಪಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ ಐವತ್ತೈದಕ್ಕೆ ಹೋಗಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡು. ಗಾಡಿ ಉರುಳುತ್ತಿರುವಾಗಲೇ ಅದುರು ನಿಂತರೆ ದೋಷ ಎಂಜಿನ್ ಕಡೆಯದು. ಮೂರನೆಯದು, ಅದುರು ಎಲ್ಲಿಗೆ ಬರುತ್ತದೆ? ಕೈಗೋ, ಕಾಲಿಗೋ, ಕೂತಲ್ಲಿಗೋ? ನಿಲ್ಲಿಸಿದ ಗಾಡಿಯ ಟ್ಯಾಂಕಿನ ಮೇಲೆ ನೀರಿನ ಲೋಟ ಇಟ್ಟು ನೋಡು, ಸೀಟಿನ ಮೇಲೆ ಇಟ್ಟು ನೋಡು. ನೀರು ಸುಳ್ಳು ಹೇಳುವುದಿಲ್ಲ.

ಬೊಟ್ಟು ಇಟ್ಟ ಬೋಲ್ಟುಗಳ ತಂಟೆಗೆ ಹೋಗಬೇಡ. ಅವು ಸಡಿಲವಾಗಿಲ್ಲ. ನಲವತ್ತು ವರ್ಷದಲ್ಲಿ ನನ್ನ ಕೈ ಬಿಗಿದದ್ದು ಒಂದೂ ಸಡಿಲವಾಗಿ ವಾಪಸ್ ಬಂದಿಲ್ಲ.

ನಿನ್ನ ತಮ್ಮ ಚೆನ್ನಾಗಿದ್ದಾನೆ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಮೇಸ್ತ್ರಿ
(ಅಪ್ಪ ಅಂತ ಬರೆದರೆ ಮತ್ತೆ ಕೋಪ ಬಂದೀತು)

ಮಗಳೇ, ಕೆಳಗೆ ಉಳಿದ ಜಾಗದಲ್ಲಿ ನಾನು ಎರಡು ಸಾಲು ಬರೆಯುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಪ್ಪನಿಗೆ ನಿನ್ನದೇ ಯೋಚನೆ ಇರಬೇಕು, ಕೈಯಲ್ಲಿ ಹಿಡಿದದ್ದು ಹಿಡಿದ ಹಾಗೇ ಜಾರಿ ಬೀಳುತ್ತದೆ. ಈ ತಿಂಗಳು ಮೂರು ಗಾಜಿನ ಲೋಟ ಹೋದವು. ಅಂಗಿಯ ಗುಂಡಿ ಹಾಕುವುದೂ ಈಗ ನನ್ನ ಪಾಲಿಗೆ. ವಯಸ್ಸಾಗುತ್ತಾ ಮುದ್ದು ಜಾಸ್ತಿ. — ಅಮ್ಮ


ಜನವರಿ 26

ಮೇಸ್ತ್ರಿಯವರಿಗೆ,

ಹೇಳಿದ್ದನ್ನೆಲ್ಲ ಮಾಡಿದೆ. ನ್ಯೂಟ್ರಲ್‌ನಲ್ಲಿ ನಿಂತಲ್ಲೇ ಅದುರುತ್ತದೆ. ಓಡುವಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ಟರೆ ತಕ್ಷಣ ನಿಲ್ಲುತ್ತದೆ. ಸೀಟಿನ ಮೇಲಿನ ಲೋಟದಲ್ಲಿ ನೀರು ಬಳುಕಿತು, ಟ್ಯಾಂಕಿನ ಮೇಲಿನ ಲೋಟದಿಂದ ನನ್ನ ಮುಖಕ್ಕೇ ಹಾರಿತು. ಅಂದರೆ ಎಂಜಿನ್ನು, ಮತ್ತು ಅದರ ಮುಂಭಾಗ. ಕಾರ್ಬ್ಯುರೇಟರ್ ತೊಳೆದೆ, ಟ್ಯಾಪೆಟ್ ನೋಡಿದೆ, ಪ್ಲಗ್ ಬದಲಾಯಿಸಿದೆ. ಬೊಟ್ಟಿಲ್ಲದ ನಟ್ಟು ಬೋಲ್ಟು ಒಂದೂ ಬಿಡದೆ ಹಿಡಿದು ನೋಡಿದೆ, ಎಲ್ಲಾ ಸರಿ ಇವೆ. ಅದುರು ಮಾತ್ರ ಹಾಗೇ ಇದೆ. ಈ ವಾರ ನಾಲ್ಕು ಟ್ಯೂಬು ವಾಪಸ್ ಬಂದವು.

ಇನ್ನೊಂದು. ನಿಮ್ಮ ಪತ್ರ ಬಿಡಿಸಿದಾಗ ಕಾಗದ ನಾಲ್ಕು ಕಡೆ ಹರಿದಿತ್ತು. ಪೂರ್ಣವಿರಾಮ ಇಟ್ಟಲ್ಲೆಲ್ಲ ತೂತು. ಅಷ್ಟು ಒತ್ತಿ ಬರೆಯುವಷ್ಟು ಸಿಟ್ಟು ನಿಮಗೇಕೆ? ಸಿಟ್ಟು ನನ್ನ ಪಾಲಿಗೆ ಬಂದದ್ದು. ಅದನ್ನೂ ಕಿತ್ತು ತಮ್ಮನಿಗೆ ಕೊಡಬೇಡಿ.

ಮಾತು ಅಲ್ಲಿಗೇ ಬಂದಿದ್ದರಿಂದ ಬರೆದುಬಿಡುತ್ತೇನೆ. ಆಗಸ್ಟ್ ಎರಡನೇ ತಾರೀಕು, ಬೆಳಗ್ಗೆ ಹನ್ನೊಂದು ಗಂಟೆ. ನನ್ನ ಎರಡೂ ಕೈ ಒಂದು ಎಂಜಿನ್ನಿನ ಒಳಗಿದ್ದವು. ನೀವು ಮೂವರು ಗಿರಾಕಿಗಳ ಮುಂದೆ ಗೋಡೆಯ ಮೊಳೆಯಿಂದ ಕೀಲಿಗೊಂಚಲು ತೆಗೆದು ತಮ್ಮನ ಅಂಗೈಯಲ್ಲಿಟ್ಟು "ಇನ್ಮೇಲೆ ಗ್ಯಾರೇಜಿಗೆ ಇವನೇ ಯಜಮಾನ" ಅಂದಿರಿ. ನಾನು ತಿರುಗಿ ನೋಡಿದೆ. ಮಸಿ ಹಿಡಿದ ಕೈಯನ್ನು ಎಲ್ಲಿ ಒರೆಸಿಕೊಳ್ಳಬೇಕು ಅಂತಲೂ ನನಗೆ ತಿಳಿಯಲಿಲ್ಲ. ಹದಿನೆಂಟನೇ ವಯಸ್ಸಿನಿಂದ ಆ ನೆಲದಲ್ಲಿ ಮಂಡಿಯೂರಿದವಳು ನಾನು. ಎಂಜಿನ್ ಸದ್ದು ಕೇಳಿ ರೋಗ ಹೇಳುವವಳು ನಾನು. ಅವನೋ, ಬಾಯಿ ಬಿಟ್ಟು ಎರಡು ಮಾತಾಡದ ಕಾರಣಕ್ಕೆ ನೀವೇ ಸೈಲೆನ್ಸರ್ ಅಂತ ಹೆಸರಿಟ್ಟವನು, ಟ್ಯಾಪೆಟ್ ಬಿಗಿಯಲು ಹೋಗಿ ಟ್ಯಾಂಕಿಗೆ ಗೀರು ಹಾಕುವವನು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಸರಿ. ಹಾಗಾದರೆ ನನ್ನನ್ನು ಹೆತ್ತವರು ಯಾರು? ಗಂಡು ಅನ್ನುವುದೊಂದು ಬಿಟ್ಟರೆ ಅವನಲ್ಲಿ ನಿಮಗೆ ಕಂಡ ಯೋಗ್ಯತೆ ಯಾವುದು?

ಇದಕ್ಕೆ ಉತ್ತರ ಬರೆಯದಿದ್ದರೂ ಸರಿ. ಗಾಡಿಯ ಬಗ್ಗೆ ಬರೆಯಿರಿ. ನನಗೆ ಉಳಿದಿರುವುದು ಒಂದು ತಿಂಗಳು.

ಗಿರಾಕಿ


ಫೆಬ್ರವರಿ 4

ಹಾರ್ನ್,

ಕೀಲಿಯ ಮಾತು ಕಾಗದದಲ್ಲಿ ಬೇಡ. ಬಾಯಲ್ಲೂ ಬೇಡ. ಕೊಟ್ಟದ್ದು ಕೊಟ್ಟಾಯಿತು.

ಗಾಡಿಯ ವಿಷಯ. ನೀನು ಬರೆದ ಪ್ರಕಾರ ಚಕ್ರವಲ್ಲ, ಚೈನಲ್ಲ, ಎಂಜಿನ್ನೇ. ಎಂಜಿನ್ನಿನಲ್ಲಿ ಎರಡೇ ಜಾಗ: ಒಂದು, ಅದನ್ನು ಫ್ರೇಮಿಗೆ ಹಿಡಿದಿಟ್ಟಿರುವ ಬೋಲ್ಟುಗಳು. ಇನ್ನೊಂದು, ಒಳಗೆ ತಿರುಗುವ ಕ್ರ್ಯಾಂಕು, ಅದರ ಬೇರಿಂಗು. ಬೋಲ್ಟುಗಳನ್ನು ಬಿಗಿದದ್ದು ನಾನು, ಅವುಗಳ ಮೇಲೆ ಬೊಟ್ಟಿದೆ. ಆದ್ದರಿಂದ ದೋಷ ಒಳಗಡೆ. ರಜೆ ಹಾಕು, ಎಂಜಿನ್ ಇಳಿಸು, ಪೂರ್ತಿ ಬಿಚ್ಚಿ ಬೇರಿಂಗ್ ನೋಡು.

ಇಳಿಸುವುದಕ್ಕೆ ಬೊಟ್ಟಿನ ನಾಲ್ಕು ಬೋಲ್ಟು ಬಿಚ್ಚಲೇಬೇಕು. ಅದಕ್ಕೆ ನನ್ನ ಒಪ್ಪಿಗೆ ಇದೆ. ಮತ್ತೆ ಕೂರಿಸುವಾಗ ಆ ಟಕ್ ಅನ್ನುವ ಪಾನಾ ಎಲ್ಲಿಂದಲೋ ತಂದು ಬಿಗಿಯಬೇಡ. ಇಷ್ಟು ಬಿಗಿ ಸಾಕು ಅಂತ ಪಾನಾ ಹೇಳಬೇಕಾದರೆ ಕೈ ಇರುವುದು ಯಾತಕ್ಕೆ? ಅದು ಕುರುಡನ ಕೋಲು. ನನ್ನ ಗ್ಯಾರೇಜಿಗೆ ತರಬೇಕು ಅಂತ ನೀನು ಹಟ ಹಿಡಿದಾಗಲೂ ಇದೇ ಮಾತು ಹೇಳಿದ್ದೆ.

ಕಾಗದ ಹರಿದದ್ದು ಪೆನ್ನಿನ ದೋಷ. ಎರಡು ಪೆನ್ನು ಬದಲಾಯಿಸಿದೆ, ಎಲ್ಲಾ ಒಂದೇ ಕಳಪೆ.

ಮೇಸ್ತ್ರಿ


ಫೆಬ್ರವರಿ 22

ಅಪ್ಪಾ,

ಗಿರಾಕಿಯ ವೇಷ ಇಲ್ಲಿಗೆ ಸಾಕು. ಇದು ಮಗಳ ಪತ್ರ. ಓದುವ ಮೊದಲು ಕೂತುಕೋ.

ಎಂಜಿನ್ ಬಿಚ್ಚಲಿಲ್ಲ. ಬಿಚ್ಚುವ ಅಗತ್ಯ ಬರಲಿಲ್ಲ. ನಾನಿರುವ ಕೋಣೆಯ ಕೆಳಗಡೆ ಒಬ್ಬ ವೆಲ್ಡಿಂಗಿನವನ ಶೆಡ್ಡಿದೆ, ಅಲ್ಲಿ ಗಾಡಿ ಎತ್ತಿ ನಿಲ್ಲಿಸಿ ಮುಂದಿನ ಬೋಲ್ಟಿಗೆ ಪಾನಾ ಹಾಕಿದೆ. ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟು ಕಾದೆ. ಪಾನಾದ ಹಿಡಿಗೆ ಎರಡಡಿ ಪೈಪು ಸಿಕ್ಕಿಸಿ ಅದರ ಮೇಲೆ ನಿಂತೆ. ಕಿರುಚಿಕೊಂಡು ಬಂತು. ಕೈಗೆ ತಗೊಂಡು ನೋಡಿದರೆ ಬೋಲ್ಟಿನ ಕತ್ತು ಎಳೆದು ಸಣ್ಣಗಾಗಿದೆ. ವಾಷರ್ ಎತ್ತಿದರೆ ಕೆಳಗೆ ಬೋಲ್ಟು ಕೂರುವ ಫ್ರೇಮಿನ ಕಿವಿಯಲ್ಲಿ ರಂಧ್ರದಿಂದ ಅಂಚಿನ ತನಕ ಕೂದಲೆಳೆಯ ಬಿರುಕು. ಹಿಂದಿನದರಲ್ಲೂ ಹಾಗೇ. ನಾಲ್ಕರಲ್ಲಿ ಎರಡು ಕಿವಿ ಸೀಳಿವೆ. ಸೀಳಿದ ಕಿವಿ ಎಂಜಿನನ್ನು ಹಿಡಿದುಕೊಂಡಂತೆ ನಟಿಸುತ್ತಿತ್ತು, ಹಿಡಿದಿರಲಿಲ್ಲ. ಬೊಟ್ಟು ಮಾತ್ರ ಹೊಸದಾಗಿ ಇಟ್ಟ ಹಾಗೆ ಬೆಳ್ಳಗಿತ್ತು.

ನೀನು ಹೇಳಿದ್ದು ನಿಜ ಅಪ್ಪ. ನಿನ್ನ ಬೋಲ್ಟು ಒಂದೂ ಸಡಿಲವಾಗಿರಲಿಲ್ಲ.

ಬಿರುಕಿಗೆ ವೆಲ್ಡಿಂಗ್ ಆಯಿತು. ಹೊಸ ಬೋಲ್ಟು ಹಾಕಿ, ವೆಲ್ಡಿಂಗಿನವನ ಬಳಿ ಇದ್ದ ಆ ಕುರುಡನ ಕೋಲಿನಲ್ಲೇ ಬಿಗಿದೆ. ಟ್ಯಾಂಕಿನ ಮೇಲೆ ನೀರಿನ ಲೋಟ ಇಟ್ಟೆ. ಒಂದು ಹನಿ ಅಂಚು ದಾಟಲಿಲ್ಲ. ನಿನ್ನೆ ಇಪ್ಪತ್ತೆಂಟು ಟ್ಯೂಬು ಒಯ್ದೆ, ಇಪ್ಪತ್ತೆಂಟೂ ತಿಳಿಯಾಗಿದ್ದವು. ಮೇಲ್ವಿಚಾರಕಿ "ಯಾವ ಮೆಕ್ಯಾನಿಕ್ ಹತ್ರ ತೋರಿಸ್ದೆ?" ಅಂದರು. ನಾನೇ ಅಂದೆ. ನಂಬಲಿಲ್ಲ.

ಕೆಲಸ ಉಳಿಯಿತು ಅಂತ ಖುಷಿ ಪಡಬೇಕು ತಾನೇ? ಮೂರು ದಿನದಿಂದ ನಿದ್ದೆ ಇಲ್ಲ. ಬಿಗಿತದ ಹದ ಬೆರಳಿಗೆ ಗೊತ್ತಾಗಬೇಕು ಅಂತ ನನಗೆ ಕಲಿಸಿದವನು ನೀನು. ಒಂದು ಕೂದಲಿನಷ್ಟು ಹೆಚ್ಚಾದರೂ "ಲೋಹ ಅಳ್ತಾ ಇದೆ, ಕೇಳಿಸ್ತಿಲ್ವಾ" ಅಂತ ನನ್ನ ಬೆರಳಿಗೆ ಹೊಡೆದವನು ನೀನು. ಅಂಥವನು ಕಬ್ಬಿಣ ಸೀಳುವ ತನಕ ಬಿಗಿದನೇ?

ಆಗ ನಿನ್ನ ಎರಡು ಪತ್ರ ತೆಗೆದು ತಿರುವಿ ಹಾಕಿದೆ. ಕಾಗದದ ಹಿಂಬದಿಯನ್ನು ಕಣ್ಣುಮುಚ್ಚಿ ಬೆರಳಲ್ಲೇ ಓದಬಹುದು, ಅಷ್ಟು ಉಬ್ಬಿದೆ. ಸಿಟ್ಟಿರುವವನು ಒಂದೆರಡು ಪದ ಒತ್ತಿ ಬರೆಯುತ್ತಾನೆ. ನೀನು "ಚೈನು", "ಟೈರು" ಅಂತ ಬರೆದಲ್ಲೂ ಅಷ್ಟೇ ಒತ್ತಿದ್ದೀಯ. ಪೆನ್ನು ಕಾಗದಕ್ಕೆ ತಾಗಿದ್ದು ಗೊತ್ತಾಗದವನು ಹಾಗೆ ಒತ್ತುತ್ತಾನೆ. ಜಾರುವ ಲೋಟ. ಅಮ್ಮ ಹಾಕುವ ಗುಂಡಿ. ಅಪ್ಪ, ನಿನ್ನ ಬೆರಳಿಗೆ ಸ್ಪರ್ಶ ಇಲ್ಲ. ಹೌದೋ ಅಲ್ಲವೋ?

ಹೌದಾದರೆ ಇನ್ನೊಂದು ಪ್ರಶ್ನೆ. ಇನ್ನೆಷ್ಟು ಗಾಡಿ ಆ ಕೈಯಿಂದ ಬೊಟ್ಟು ಇಡಿಸಿಕೊಂಡು ರಸ್ತೆಯ ಮೇಲಿವೆ? ಬ್ರೇಕು, ಚಕ್ರ, ಹ್ಯಾಂಡಲ್ಲು? ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ನಿನ್ನ ಬೊಟ್ಟು ನಂಬಿಕೊಂಡೇ ಹೋಗುತ್ತಾರೆ. ನಾನೂ ಅದನ್ನೇ ನಂಬಿ ನಾಲ್ಕು ತಿಂಗಳು ಗಾಡಿಯ ಉಳಿದ ಭಾಗವನ್ನೆಲ್ಲ ಬೈದೆ.

ಹಾರ್ನ್


ಮಾರ್ಚ್ 3

ನನ್ನ ಕೈಗೆ ಏನೂ ಆಗಿಲ್ಲ.

ಹಳೇ ಫ್ರೇಮು, ಕಬ್ಬಿಣ ಸುಸ್ತಾಗಿ ಸೀಳಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ತಪ್ಪನ್ನು ನನ್ನ ಬೆರಳಿಗೆ ಕಟ್ಟಬೇಡ. ಗಾಡಿ ಸರಿ ಹೋಯಿತಲ್ಲ, ಇನ್ನು ಪತ್ರ ಬೇಡ.

ಮೇಸ್ತ್ರಿ


ಮಾರ್ಚ್ 11

ಅಕ್ಕಾ,

ನಾನು ಬರೆಯುತ್ತಿದ್ದೇನೆ ಅಂತ ನಿನಗೆ ಆಶ್ಚರ್ಯ ಆಗಬಹುದು. ಏಳು ತಿಂಗಳಲ್ಲಿ ನೀನೂ ಮಾತಾಡಿಸಲಿಲ್ಲ, ನಾನೂ ಮಾತಾಡಿಸಲಿಲ್ಲ. ಸೈಲೆನ್ಸರ್ ತಾನೇ.

ನಿನ್ನ ಪತ್ರವನ್ನು ಅಪ್ಪ ಹತ್ತು ದಿನ ಕೆಲಸದ ಮೇಜಿನ ಮೇಲೆ ಬಿಚ್ಚಿಟ್ಟೇ ಇದ್ದ. ಯಾರಾದರೂ ಓದಲಿ ಅಂತಲೇ ಇಟ್ಟಿದ್ದನೇನೋ. ನಾನು ಓದಿದೆ.

ನೀನು ಕಂಡುಹಿಡಿದದ್ದು ನಿಜ. ನನಗೆ ಮೂರು ವರ್ಷದಿಂದ ಗೊತ್ತು. ಒಂದು ದಿನ ಓಡಿ ಬಂದ ಗಾಡಿಯ ಹೊಗೆಕೊಳವೆಯ ಮೇಲೆ ಅಪ್ಪ ಕೈ ಇಟ್ಟ. ತೆಗೆಯಲಿಲ್ಲ. ಚರ್ಮ ಸುಟ್ಟ ವಾಸನೆ ನನಗೆ ಬಂತು, ಅವನು ಮಾತಾಡುತ್ತಲೇ ಇದ್ದ. ಆಮೇಲೆ ಕೈ ತಿರುಗಿಸಿ ಯಾರದೋ ಕೈ ನೋಡಿದ ಹಾಗೆ ನೋಡಿಕೊಂಡ. ನಾನು ನೋಡಿದ್ದನ್ನು ಅವನೂ ನೋಡಿದ. ಕೈಗೆ ಚಿಂದಿ ಸುತ್ತಿಕೊಂಡು ಮತ್ತೆ ಪಾನಾ ಹಿಡಿದ.

ಅವತ್ತಿನಿಂದ ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದಾಗ, ನೀನು ಸಾಮಾನು ತರಲು ಪೇಟೆಗೆ ಹೋದಾಗ, ಬೊಟ್ಟು ಇಟ್ಟ ಬೋಲ್ಟನ್ನೆಲ್ಲ ನಾನು ಬಿಚ್ಚಿ ಮತ್ತೆ ಹದವಾಗಿ ಬಿಗಿದು ಹೊಸ ಬೊಟ್ಟು ಇಡುತ್ತೇನೆ. ಎಳೆದುಹೋದದ್ದನ್ನು ಬದಲಾಯಿಸುತ್ತೇನೆ. ಒಂದು ಗಾಡಿಯನ್ನೂ ಬಿಟ್ಟಿಲ್ಲ. ಎಂಜಿನ್ ಕೆಲಸ ನಿನ್ನಷ್ಟು ನನಗೆ ಬರುವುದಿಲ್ಲ ಅಕ್ಕ, ಏಳು ಜನ್ಮಕ್ಕೂ ಬರಲಿಕ್ಕಿಲ್ಲ. ಆದರೆ ಬಿಗಿದದ್ದನ್ನೇ ಮತ್ತೆ ಬಿಗಿಯುವುದರಲ್ಲಿ ಈ ಊರಲ್ಲಿ ನನ್ನನ್ನು ಮೀರಿಸುವವರಿಲ್ಲ.

ನಿನ್ನ ಗಾಡಿ ಒಂದೇ ನನ್ನ ಕೈಗೆ ಸಿಗಲಿಲ್ಲ. ಆ ವಾರ ಅಪ್ಪ ಮಧ್ಯಾಹ್ನ ಮಲಗಲಿಲ್ಲ. ಗಾಡಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೇ ಇದ್ದ. ನೀನು ಬೆಳಗ್ಗೆ ಐದಕ್ಕೆ ಹೊರಟುಹೋದೆ. ಹೇಳಬೇಕಿತ್ತು. ಗೇಟಿನ ತನಕ ಬಂದಿದ್ದೆ. ನೀನು ನನ್ನ ಮುಖ ನೋಡಲಿಲ್ಲ, ನನಗೆ ಬಾಯಿ ಬರಲಿಲ್ಲ. ಆ ದಿನದಿಂದ ಪ್ರತಿ ಸಲ ಫೋನು ರಿಂಗಾದಾಗಲೂ ನಿನಗೇ ಏನೋ ಆಗಿದೆ ಅಂತ ಓಡಿ ಬಂದು ಎತ್ತುತ್ತಿದ್ದೆ. ಆದರೂ ನಾನಾಗಿ ಫೋನ್ ಮಾಡಲಿಲ್ಲ. ಇದಕ್ಕೆ ನೀನು ಏನು ಬೈದರೂ ಕಮ್ಮಿಯೇ.

ಕೀಲಿ ನನಗ್ಯಾಕೆ ಕೊಟ್ಟೆ ಅಂತ ನಾನೂ ಕೇಳಿದ್ದೆ. "ಅಕ್ಕನಿಗೆ ಕೊಡು ಅಪ್ಪ, ನನಗೆ ಬೇಡ" ಅಂತ ಅವತ್ತೇ ಹೇಳಿದ್ದೆ. ಅವನು ಅಂದದ್ದು ಇಷ್ಟೇ: "ಅವಳ ಕೈಗೆ ಗ್ಯಾರೇಜ್ ಹೋದ್ರೆ ಮೊದಲನೇ ವಾರದಲ್ಲೇ ಹಿಡಿದುಬಿಡ್ತಾಳೆ ಕಣೋ. ಊರಿಗೆಲ್ಲಾ ಕೇಳಿಸುತ್ತೆ. ನೀನು ಸುಮ್ಮನಿರ್ತೀಯ."

ತಮ್ಮ


ಮಾರ್ಚ್ 20

ಅಪ್ಪಾ,

ಪತ್ರ ಬೇಡ ಅಂದಿದ್ದೆ. ಬರೆಯುತ್ತೇನೆ. ಹಾರ್ನ್ ಅಂತ ಹೆಸರಿಟ್ಟ ಮೇಲೆ ಕೇಳಿಸಿಕೋ.

ತಮ್ಮ ಎಲ್ಲಾ ಬರೆದಿದ್ದಾನೆ. ಅವನನ್ನು ಬೈಯಬೇಡ. ಬೈಯುವ ಹಕ್ಕು ನನ್ನದು, ಫೋನಿನಲ್ಲಿ ಮುಕ್ಕಾಲು ಗಂಟೆ ಬೈದಿದ್ದೇನೆ, ಅವನು ಪೂರ್ತಿ ಕೇಳಿಸಿಕೊಂಡು "ಊಟ ಆಯ್ತಾ?" ಅಂದ. ಅದಕ್ಕೆ ಇನ್ನೂ ಸಿಟ್ಟು ಬಂತು.

ಗಂಡು ಅಂತ ಅವನಿಗೆ ಕೊಟ್ಟೆ ಅಂದುಕೊಂಡು ಇಷ್ಟು ದಿನ ಕುದಿದೆ. ಅದಾದರೂ ಲೋಕಕ್ಕೇ ಇರುವ ರೋಗ, ನನ್ನಪ್ಪನಿಗೂ ತಗುಲಿತು ಅಂತ ಎಂದಾದರೂ ಒಂದು ದಿನ ನುಂಗಿಕೊಳ್ಳುತ್ತಿದ್ದೆ. ಇದು ನಿನ್ನ ಸ್ವಂತ ಹೇಡಿತನ. ನನಗೆ ಕೆಲಸ ಬರುವುದಿಲ್ಲ ಅಂತ ನನ್ನನ್ನು ಹೊರಗೆ ಹಾಕಲಿಲ್ಲ. ಚೆನ್ನಾಗಿ ಬರುತ್ತದೆ ಅಂತಲೇ ಹಾಕಿದೆ! ಇದಕ್ಕಿಂತ ದೊಡ್ಡ ಅವಮಾನ ಯಾವ ಶತ್ರುವೂ ನನಗೆ ಮಾಡಿಲ್ಲ.

ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ ಮೂರು ವರ್ಷ. ಅಂಗಡಿಯ ತುಂಬ ಸುಳ್ಳು ಬೊಟ್ಟು, ಒಬ್ಬ ಇಡುವುದು, ಇನ್ನೊಬ್ಬ ಒರೆಸಿ ಮತ್ತೆ ಇಡುವುದು. ನಡುವೆ ನಾನೊಬ್ಬಳು ಮೂರ್ಖಳು, ಪಕ್ಕದಲ್ಲೇ ನಿಂತು ನೋಡದವಳು. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ. ಬೊಟ್ಟು ಕಂಡರೆ ಕಣ್ಣು ತಿರುಗಿಸಬೇಕು ಅಂತ ನೀನು ಕಲಿಸಿದ್ದನ್ನು ಅಷ್ಟು ಚೆನ್ನಾಗಿ ಕಲಿತುಬಿಟ್ಟೆನಲ್ಲ. ಫೆಬ್ರವರಿಯಲ್ಲೂ ನಿನ್ನ ಲೆಕ್ಕ ನೋಡು: ಬೋಲ್ಟು ನನ್ನದು, ಹಾಗಾಗಿ ತಪ್ಪು ಎಂಜಿನ್ನಿನ ಒಳಗೆ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಚೀಟಿ ಹರಿದು ಮುಖಕ್ಕೆ ಎಸೆಯುತ್ತಿದ್ದೆ ನೀನು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ನಿನ್ನ ಮೀಸೆ ಉಳಿಯಲಿಕ್ಕೆ ನಾನು ದಿನಕ್ಕೆ ತೊಂಬತ್ತು ಕಿಲೋಮೀಟರು ಸೀಳಿದ ಫ್ರೇಮಿನ ಮೇಲೆ ಕೂತೆ. ಎಂಜಿನ್ ಕಳಚಿ ರಸ್ತೆಗೆ ಬಿದ್ದಿದ್ದರೆ ಅಮ್ಮನಿಗೆ ಏನು ಹೇಳುತ್ತಿದ್ದೆ? ಕಬ್ಬಿಣ ಸುಸ್ತಾಗಿತ್ತು ಅಂತಲೇ?

ನನ್ನ ದಾರಿಯಲ್ಲಿರುವ ಒಂದು ಕ್ಲಿನಿಕ್ಕಿನ ಡಾಕ್ಟರಮ್ಮನನ್ನು ಕೇಳಿದೆ. ದಶಕಗಟ್ಟಲೆ ಕಬ್ಬಿಣ ಉಜ್ಜುವ ಗ್ರೈಂಡರು ಹಿಡಿದ ಕೈಗೆ, ಅದುರುವುದನ್ನೇ ಹಿಡಿದು ಬದುಕಿದ ಕೈಗೆ ಹೀಗಾಗುತ್ತದಂತೆ. ಹೋದದ್ದು ಪೂರ್ತಿ ವಾಪಸ್ ಬರಲಿಕ್ಕಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಂದರು. "ಕರ್ಕೊಂಡು ಬನ್ನಿ" ಅಂದರು. ನನ್ನಪ್ಪ ಬರುವವನಲ್ಲ ಅಂದೆ.

ಕೀಲಿ ನನಗೆ ಬೇಡ. ಬೇಕಾಗಿರುವುದು ಮೂರು. ಬಿಳಿ ಬಣ್ಣದ ಡಬ್ಬಿಯನ್ನು ತಮ್ಮನ ಕೈಗೆ ಕೊಡು, ಕೀಲಿ ಕೊಟ್ಟ ಹಾಗೆಯೇ ಗಿರಾಕಿಗಳ ಮುಂದೆ, ಕಾರಣ ಹೇಳಿ. ತಮ್ಮ ನೋಡುವ ಮೊದಲು ನೀನು ಬಿಗಿದ ಗಾಡಿಗಳನ್ನೆಲ್ಲ ವಾಪಸ್ ಕರೆಸು. ಮೂರನೆಯದು ನನಗಾಗಿ. ನಲವತ್ತು ವರ್ಷ ಊರಿಗೆಲ್ಲ ಚೀಟಿ ಬರೆಸಿದವನು ಒಂದು ಚೀಟಿ ಬರೆ. ನಿನ್ನ ಕೈಯಿಂದಲೇ. ನಾಲ್ಕು ಪ್ರಶ್ನೆ ನಿನಗೆ ಗೊತ್ತಿದೆ. ಚೀಟಿ ಬರದಿದ್ದರೆ ನಾನು ಮುಟ್ಟುವುದಿಲ್ಲ. ನಿಯಮ ನಿನ್ನದೇ.

ಹಾರ್ನ್


ಏಪ್ರಿಲ್ 8

ಹಾರ್ನ್,

ಬೈಯುವಾಗಲಾದರೂ ನೀನು ಅಂದೆಯಲ್ಲ. ಆ ಪತ್ರವನ್ನು ಅದಕ್ಕೇ ಮೂರು ಸಲ ಓದಿದೆ.

ಡಬ್ಬಿ ಕೊಟ್ಟೆ. ಶನಿವಾರ, ಐದು ಜನ ಗಿರಾಕಿಗಳಿದ್ದರು. ಕಾರಣ ಹೇಳಿದೆ. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಿನ್ನ ತಮ್ಮ ಡಬ್ಬಿ ತಗೊಂಡು ಒಳಗೆ ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಅವನು ಮತ್ತೆ ಬಿಗಿಯುವುದು ನನಗೆ ಮೊದಲಿನಿಂದ ಗೊತ್ತಿತ್ತು. ಅವನ ಬೊಟ್ಟು ನನ್ನದಕ್ಕಿಂತ ದೊಡ್ಡದು.

ಹಳೆಯ ಚೀಟಿಗಳು ತಂತಿಯಲ್ಲೇ ಇವೆ. ಅವನು ನೋಡುವ ಮೊದಲಿನವು ಮುನ್ನೂರ ಹನ್ನೆರಡು. ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೇವೆ. ನೂರ ನಲವತ್ತು ಮುಗಿದವು. ಇವನ ದನಿ ಪಕ್ಕದ ಕೋಣೆಗೇ ಕೇಳಿಸುವುದಿಲ್ಲ, ಫೋನಿನ ಆ ಕಡೆಯವರಿಗೆ ಎಲ್ಲಿಂದ ಕೇಳಬೇಕು? ಸದ್ದು ಮಾಡುವವರು ಒಬ್ಬರು ಬೇಕಾಗಿದ್ದಾರೆ.

ಇದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಹೆಚ್ಚು ಒತ್ತಿದರೆ ಮೊನೆ ಟಕ್ ಅಂತ ಮುರಿಯುತ್ತದೆ, ಆಗ ಗೊತ್ತಾಗುತ್ತದೆ. ಇಲ್ಲಿಯ ತನಕ ಹದಿನಾಲ್ಕು ಸಲ ಮುರಿಯಿತು. ಅಮ್ಮ ಪಕ್ಕದಲ್ಲಿ ಕೂತು ಚೂಪು ಮಾಡಿ ಕೊಡುತ್ತಿದ್ದಾಳೆ. ಚೀಟಿ ಕೆಳಗಿದೆ.

ಏನು ತೊಂದರೆ? ಬಲಗೈಯಲ್ಲಿ ಹೆಬ್ಬೆರಳು ಸೇರಿ ಮೂರು ಬೆರಳು, ಎಡಗೈಯಲ್ಲಿ ಎರಡು. ಬಿಸಿ ಗೊತ್ತಾಗುವುದಿಲ್ಲ. ಬಿಗಿ ಗೊತ್ತಾಗುವುದಿಲ್ಲ.

ಯಾವಾಗಿನಿಂದ? ನಿನ್ನ ತಮ್ಮ ಮೂರು ವರ್ಷ ಅನ್ನುತ್ತಾನೆ. ಐದು.

ಯಾವಾಗ ಹೆಚ್ಚು? ಬೆಳಗಿನ ಚಳಿಯಲ್ಲಿ. ಮತ್ತೆ ನೀನು ಪಕ್ಕದಲ್ಲಿ ನಿಂತು ನೋಡುವಾಗ.

ಮೊದಲು ಯಾರು ಕೈ ಹಾಕಿದ್ದಾರೆ? ಯಾರೂ ಇಲ್ಲ. ಯಾರೂ ಮುಟ್ಟಬಾರದು ಅಂತ ನಾನೇ ಬೊಟ್ಟು ಇಟ್ಟುಕೊಂಡು ಕೂತಿದ್ದೆ.

ನಿನ್ನ ಗಿರಾಕಿ